ಸುಟ್ಟ ಮೀಸೆ, ಒಣ ಪೇಪರು

ನಮ್ಮ ಮಾವನ ಮೀಸೆ ಎರಡೂ ಕಡೆ ಒಂದೇ ಸಮ ಇರಲಿಲ್ಲ. ಎಡಗಡೆಯದು ತುಟಿ ದಾಟಿ ಕೆನ್ನೆಯವರೆಗೆ ಹೋಗಿ, ತುದಿಯಲ್ಲಿ ಠೀವಿಯಿಂದ ಮೇಲಕ್ಕೆ ತಿರುಗಿಕೊಂಡಿತ್ತು. ಬಲಗಡೆಯದು ಅರ್ಧಕ್ಕೇ ನಿಂತು, ತುದಿ ಕಂದುಬಣ್ಣಕ್ಕೆ ತಿರುಗಿ, ಸುಟ್ಟ ತೆಂಗಿನ ನಾರಿನ ಹಾಗೆ ಮುರುಟಿಕೊಂಡಿರುತ್ತಿತ್ತು. ಕಾರಿನ ರೇಡಿಯೇಟರ್‌ಗೆ ಬೆಸುಗೆ ಹಾಕುವಾಗ ಅವರು ಬಲಗೈಯಲ್ಲಿ ಬ್ಲೋ ಲ್ಯಾಂಪ್ ಹಿಡಿದು, ಸೀಸ ಕರಗಿ ಬಿರುಕಿನೊಳಗೆ ಇಳಿಯುವುದನ್ನು ನೋಡಲು ಮುಖವನ್ನು ತೀರಾ ಹತ್ತಿರ ತರುತ್ತಿದ್ದರು. ಆ ಬೆಂಕಿಗೆ ಮೀಸೆ ದಿನವೂ ಅಷ್ಟಷ್ಟು ಆಹುತಿಯಾಗುತ್ತಿತ್ತು. ಬೆಂಕಿ ನೋಡಿ ನೋಡಿ ಬಲಗಣ್ಣೂ ಮಂಜಾಗಿತ್ತು, ಆದರೆ ಅದನ್ನು ಅವರು ಯಾರಿಗೂ ಹೇಳುತ್ತಿರಲಿಲ್ಲ.

ನಮ್ಮತ್ತೆಗೆ ಈ ಮೀಸೆಯೇ ದೊಡ್ಡ ತಲೆನೋವು. "ಏನ್ರೀ, ಆ ಎಡಗಡೆದನ್ನೂ ಒಂಚೂರು ಕತ್ತರಿಸ್ಕೊಂಡ್ರೆ ನಿಮ್ಮ ಗಂಟೇನು ಹೋಗುತ್ತೆ? ನಿಮ್ಮ ಜೊತೆ ಮದುವೆ ಮನೆಗೆ ಬರೋಕೆ ನಂಗೆ ನಾಚಿಕೆ" ಎಂದು ಹಬ್ಬಕ್ಕೊಮ್ಮೆ, ಮದುವೆಗೊಮ್ಮೆ ತಪ್ಪದೆ ಹೇಳುವರು. ಮಾವ ಎಡಗಡೆಯ ತುದಿಯನ್ನು ಇನ್ನಷ್ಟು ತಿರುವಿ, "ಎಡಗಡೆದು ದೇವ್ರು ಕೊಟ್ಟಿದ್ದು ಕಣೇ, ಬಲಗಡೆದು ನಾನು ದುಡಿದಿದ್ದು. ಎರಡೂ ಸಮ ಮಾಡು ಅಂದ್ರೆ ಹೆಂಗೆ?" ಎನ್ನುವರು. ಈ ಜಗಳವನ್ನು ನಾನು ಮೊದಲು ಕೇಳಿದ್ದು ಅವರು ಶಿವಮೊಗ್ಗದ ನಮ್ಮ ಮನೆಗೆ ಹೆಣ್ಣು ನೋಡಲು ಬಂದ ದಿನವೇ, ಚಪ್ಪಲಿ ಬಿಡುವ ಜಾಗದಲ್ಲಿ. ಒಳಗೆ ನಾನು ಸೀರೆ ಸೆರಗು ಬಾಯಿಗೆ ತುರುಕಿಕೊಂಡು ನಕ್ಕಿದ್ದೆ.

ತೊಂಬತ್ತರ ದಶಕದ ಮೊದಮೊದಲ ವರ್ಷಗಳು ಅವು. ಹೆಣ್ಣು ನೋಡಲು ಬಂದವರು ಅಡುಗೆ ಬರುತ್ತಾ, ಹಾಡು ಬರುತ್ತಾ ಎಂದು ಕೇಳುವ ಕಾಲ. ಮಾವ ಉಪ್ಪಿಟ್ಟಿನ ತಟ್ಟೆ ಪಕ್ಕಕ್ಕಿಟ್ಟು, "ಕಾರು ಓಡ್ಸೋಕೆ ಬರುತ್ತೇನಮ್ಮ?" ಎಂದರು. ನಮ್ಮಪ್ಪ ತಬ್ಬಿಬ್ಬಾಗಿ ಅಮ್ಮನ ಮುಖ ನೋಡಿದರು.

"ಸೈಕಲ್ ಬರುತ್ತೆ" ಎಂದೆ.

"ರಸ್ತೆ ಮೇಲೆ ಹೆದ್ರಿಕೆ?"

"ಇಲ್ಲ."

"ಹಂಗಾದ್ರೆ ನಮಗೆ ಹುಡುಗಿ ಒಪ್ಪಿಗೆ" ಎಂದು ಎದ್ದೇಬಿಟ್ಟರು. ಹುಡುಗ ಇನ್ನೂ ಬಾಯಿ ಬಿಟ್ಟಿರಲಿಲ್ಲ. ಆಮೇಲೂ ಅವರು ಅಂಥಾ ಹೆಚ್ಚೇನೂ ಬಾಯಿ ಬಿಟ್ಟವರಲ್ಲ, ಅದು ಬೇರೆ ಮಾತು.

ಅವರ ಮನೆ ಇದ್ದದ್ದು ಭದ್ರಾವತಿಯಲ್ಲಿ. ನನ್ನ ಗಂಡ ಅಲ್ಲಿನ ಕಾರ್ಖಾನೆಯಲ್ಲಿ ಶಿಫ್ಟಿನ ಕೆಲಸಕ್ಕೆ ಹೋಗುತ್ತಿದ್ದರು. ಮಾವನೂ ವಯಸ್ಸಿನಲ್ಲಿ ಅದೇ ಕಾರ್ಖಾನೆಯಲ್ಲಿ ಬೆಸುಗೆ ಕಲಿತವರು. "ಬೆಸುಗೆ ನಂದು, ಹೆಸರು ಕಂಪ್ನಿದು, ಇದ್ಯಾವ ನ್ಯಾಯ?" ಎಂದು ಬಿಟ್ಟು ಬಂದು, ಶಿವಮೊಗ್ಗದ ಸವಳಂಗ ರಸ್ತೆಯಲ್ಲಿ ರೇಡಿಯೇಟರ್ ರಿಪೇರಿ ಅಂಗಡಿ ಹಾಕಿದ್ದರು. ಬೆಳಿಗ್ಗೆ ಸ್ನಾನ ಮಾಡಿ, ಲಿಂಗಪೂಜೆ ಮುಗಿಸಿ, ಹಣೆಗೆ ವಿಭೂತಿ ಬಳಿದುಕೊಂಡು ಬಸ್ ಹತ್ತಿದರೆ, ಸಾಯಂಕಾಲ ಬಸ್ ಇಳಿಯುವಾಗ ವಿಭೂತಿಯ ಮೇಲೊಂದು ಮಸಿಯ ಪಟ್ಟೆಯೂ ಇರುತ್ತಿತ್ತು. ಊರಿಗೆಲ್ಲ ಅವರು ಮೇಸ್ತ್ರಿ. ದೊಡ್ಡ ಗಂಟಲು, ಅದಕ್ಕಿಂತ ದೊಡ್ಡ ಮಾತು. "ನನ್ನ ಕೈಯಲ್ಲಿ ಬೆಸುಗೆ ಹಿಡಿದ ರೇಡಿಯೇಟರ್ ಸೋರಿದ್ರೆ ಮೀಸೆ ಬೋಳಿಸ್ತೀನಿ" ಎನ್ನುವರು. "ಅರ್ಧ ಈಗಾಗ್ಲೇ ಹೋಗಿದೆಯಲ್ಲ ಮೇಸ್ತ್ರಿ" ಎಂದು ಯಾರಾದರೂ ಕಿಚಾಯಿಸಿದರೆ ಎಲ್ಲರಿಗಿಂತ ಜೋರಾಗಿ ತಾವೇ ನಗುವರು.

ಕಾರು ಓಡಿಸಲು ಸೊಸೆ ಏಕೆ ಬೇಕಿತ್ತು ಎಂಬುದು ಮದುವೆಯಾಗಿ ಬಂದ ಮೇಲೆ ತಿಳಿಯಿತು. ಮಾವನದೊಂದು ಕ್ರಮವಿತ್ತು. ರಿಪೇರಿಯಾದ ಕಾರನ್ನು ಅಂಗಡಿಯಿಂದ ಸಾಗರ ರಸ್ತೆ ಹಿಡಿದು ಆಯನೂರಿನವರೆಗೆ ಓಡಿಸಬೇಕು. ಅಲ್ಲಿ ಒಂದು ಹೋಟೆಲಿನ ಮುಂದೆ ನಿಲ್ಲಿಸಿ, ಇಂಜಿನ್ ಆರಿಸಿ, ಕಾರಿನ ಮೂತಿಯ ಕೆಳಗೆ ಆವತ್ತಿನ ನ್ಯೂಸ್ ಪೇಪರಿನ ಒಂದು ಹಾಳೆ ಹಾಸಬೇಕು. ಆಮೇಲೆ ಒಂದು ಟೀ. "ಓಡುವಾಗ ಗಾಳಿ ಬಡೀತಿರುತ್ತೆ, ತಣ್ಣಗಿರುತ್ತೆ. ನಿಂತ ಮೇಲೇ ಬಿಸಿ ಏರೋದು. ಕಳ್ಳ ಸೋರಿಕೆ ಆಗ್ಲೇ ಹೊರಗೆ ಬರೋದು" ಎನ್ನುವರು. ಟೀ ಮುಗಿಸಿ ಹಾಳೆ ಎಳೆದು ನೋಡುವುದು. ಒಂದು ಹನಿ ಬಿದ್ದಿದ್ದರೂ ಕಾರು ವಾಪಸ್ ಅಂಗಡಿಗೆ. ಒಣಗಿದ್ದರೆ ಅದನ್ನು ನಾಲ್ಕು ಮಡಿಕೆ ಮಾಡಿ, ಕೀಲಿಯ ಜೊತೆ ಗಿರಾಕಿಯ ಕೈಗೆ ಕೊಡುವರು. ಬೇರೆ ಗ್ಯಾರಂಟಿ ಚೀಟಿ ಇರಲಿಲ್ಲ. ಮೇಸ್ತ್ರಿಯ ಒಣ ಪೇಪರು ಡ್ಯಾಶ್‌ಬೋರ್ಡಿನಲ್ಲಿದ್ದರೆ ಸೆಕೆಂಡ್ ಹ್ಯಾಂಡ್ ಕಾರು ಕೊಳ್ಳುವವರೂ ಮರುಮಾತಾಡುತ್ತಿರಲಿಲ್ಲ.

ಇಷ್ಟೆಲ್ಲ ಪರೀಕ್ಷೆ ಮಾಡುವವರಿಗೆ ಕಾರು ಓಡಿಸಲು ಮಾತ್ರ ಬರುತ್ತಿರಲಿಲ್ಲ! ಗಿರಾಕಿಗಳ ಡ್ರೈವರ್‌ಗಳನ್ನು ಕಳಿಸಿದರೆ ಅವರು ಸಿಟಿ ದಾಟಿ ಬೀಡಿ ಸೇದಿ, ಆಯನೂರಿಗೆ ಹೋಗಿ ಬಂದೆವೆಂದು ಸುಳ್ಳು ಹೇಳುತ್ತಿದ್ದರಂತೆ. ಹಾಗಾಗಿ ಮನೆಯವರೇ ಬೇಕು ಎಂದು ನನ್ನನ್ನು ಹುಡುಕಿದ್ದರು. ಕಲಿಸಿದ್ದೂ ಅವರೇ. ಈಜು ಬಾರದವರು ದಡದಲ್ಲಿ ನಿಂತು ಈಜು ಕಲಿಸಿದ ಹಾಗೆ ಪಕ್ಕದ ಸೀಟಿನಲ್ಲಿ ಕೂತು, "ಕ್ಲಚ್ ಬಿಡು, ನಿಧಾನ, ನಿಧಾನ ಅಂದ್ನಲ್ಲ ಮಾರಾಯ್ತಿ!" ಎಂದು ಕೂಗುವರು. ಕಾರು ಜಿಗಿದು ನಿಂತರೆ ತಮ್ಮ ಕಾಲನ್ನೇ ಬೈದುಕೊಳ್ಳುವರು. ಲೈಸೆನ್ಸ್ ಬಂದ ದಿನ ಸವಳಂಗ ರಸ್ತೆಯ ಅಂಗಡಿ ಅಂಗಡಿಗೂ ಹೋಗಿ ತೋರಿಸಿ ಬಂದರು. ಆ ಕಾಲಕ್ಕೆ ಕಾರು ಓಡಿಸುವ ಹೆಂಗಸರು ನಮ್ಮ ಕಡೆ ಬೆರಳೆಣಿಕೆಯಷ್ಟು. ಸೊಸೇನ ಡ್ರೈವರ್ ಮಾಡ್ಕೊಂಡಿದಾನೆ ಎಂದು ನಮ್ಮ ಬಳಗದವರೊಬ್ಬರು ಎದುರಿಗೇ ಹಂಗಿಸಿದರು. "ಹೂಂ, ನಿಮ್ಮನೇಲಿ ಸೊಸೇನ ಬರೀ ಸೊಸೆ ಮಾಡ್ಕೊಂಡಿದೀರಿ, ಪಾಪ" ಎಂದರು ಮಾವ. ಆಮೇಲೆ ಅವರ ಸೊಸೆಯೂ ಗುಟ್ಟಾಗಿ ನನ್ನ ಹತ್ತಿರ ಕಲಿತಳು.

ಹೀಗೆ ಹಿತ್ತಾಳೆ ರೇಡಿಯೇಟರುಗಳ ಕಾಲ ಚೆನ್ನಾಗಿಯೇ ನಡೆಯಿತು. ನಾನು ಬರೀ ಸ್ಟೀರಿಂಗ್ ಹಿಡಿಯುವವಳಾಗಿ ಉಳಿಯದೆ ಗಲ್ಲಾ ನೋಡಿಕೊಳ್ಳತೊಡಗಿದೆ, ಗಿರಾಕಿಗಳ ಜೊತೆ ಮಾತಾಡತೊಡಗಿದೆ. ದಶಕ ಮುಗಿಯುವ ಹೊತ್ತಿಗೆ ರಸ್ತೆಗೆ ಹೊಸ ಕಾರುಗಳು ಬಂದವು. ಅವುಗಳ ರೇಡಿಯೇಟರಿನ ಮಧ್ಯೆ ಅಲ್ಯೂಮಿನಿಯಂ ಜಾಲರಿ, ಎರಡೂ ತುದಿಗೆ ನೀರು ನಿಲ್ಲುವ ತೊಟ್ಟಿಗಳು ಮಾತ್ರ ಕಪ್ಪು ಪ್ಲಾಸ್ಟಿಕ್ಕು. ಮೊದಲ ಸಲ ಅಂಥದೊಂದು ಬಿರುಕು ಬಿಟ್ಟು ಬಂದಾಗ ಮಾವ ಬೆರಳಿನಿಂದ ಟಕಟಕ ಬಡಿದು, "ಇದೇನು ಕಾರೋ, ಬಚ್ಚಲಮನೆ ಬಕೆಟ್ಟೋ?" ಎಂದರು. ಹಿತ್ತಾಳೆಗೆ ಬೆಂಕಿ ತೋರಿಸಿದರೆ ಸೀಸವನ್ನು ಹಿಡಿದುಕೊಳ್ಳುತ್ತದೆ. ಪ್ಲಾಸ್ಟಿಕ್ಕಿಗೆ ತೋರಿಸಿದರೆ ಅದೇ ಕರಗಿ ಕೂರುತ್ತದೆ.

ಆದರೆ ಮಾವ ಬಿಡುವ ಆಸಾಮಿಯೇ? ಗುಜರಿಯಿಂದ ಹಳೆಯ ತೊಟ್ಟಿಗಳನ್ನು ತಂದು ತಿಂಗಳುಗಟ್ಟಲೆ ಒದ್ದಾಡಿದರು. ಸಣ್ಣ ತಾಮ್ರದ ತಂತಿಯನ್ನು ಕಾಯಿಸಿ, ಬಿರುಕಿನ ಈ ಕಡೆಯಿಂದ ಆ ಕಡೆಗೆ ಅಡ್ಡಡ್ಡ ಹುದುಗಿಸಿ, ಮೇಲೆ ಅದೇ ಜಾತಿಯ ಪ್ಲಾಸ್ಟಿಕ್ ಕರಗಿಸಿ ತುಂಬುವ ಉಪಾಯ ಕಂಡುಕೊಂಡರು. ಹೊಲಿಗೆ ಎಂದು ಹೆಸರಿಟ್ಟರು. ನೋಡಲೂ ಚಂದವೇ ಇತ್ತು. ಹೊಲಿಗೆ ಹಾಕಿದ ಮೊದಲ ಕಾರು ಆಯನೂರಿಗೆ ಹೋಗಿ ಬಂತು, ಪೇಪರು ಒಣಗಿತ್ತು, ಮಡಚಿ ಕೊಟ್ಟರು. ಕೆಲವು ತಿಂಗಳ ಮೇಲೆ ಆ ಗಿರಾಕಿ ಕಾರನ್ನು ಇನ್ನೊಂದು ಗಾಡಿಗೆ ಕಟ್ಟಿ ಎಳೆದುಕೊಂಡು ಬಂದ. ಹೊಲಿಗೆ ಗಟ್ಟಿಯಾಗಿಯೇ ಇತ್ತು. ಅದರ ಪಕ್ಕದಲ್ಲಿ ಹೊಸ ಬಿರುಕು ಬಾಯಿ ಬಿಟ್ಟಿತ್ತು. ಅವನು ಜಗಳವಾಡಲಿಲ್ಲ. ಮಡಚಿದ ಪೇಪರನ್ನು ತೆಗೆದು ಮಾವನ ಮುಂದಿಟ್ಟ, ಅಷ್ಟೇ. ಆ ಸಾಯಂಕಾಲ ಭದ್ರಾವತಿಯವರೆಗೂ ಬಸ್ಸಿನಲ್ಲಿ ಮಾವ ಆ ಪೇಪರನ್ನೇ ಬಿಚ್ಚುತ್ತ ಮಡಚುತ್ತ ಕೂತಿದ್ದರು. ನನಗೆ ಸಂಕಟವಾಯಿತು, ಆದರೂ ಬಾಯಿ ಸುಮ್ಮನಿರಬೇಕಲ್ಲ!

"ಮಾವ, ಪ್ಲಾಸ್ಟಿಕ್ ಬಿಸಿಗೆ ಬೆಂದು ಬೆಂದು ಪೂರ್ತಿ ಹಪ್ಪಳ ಆಗಿರುತ್ತೆ. ಒಂದು ಕಡೆ ಹೊಲಿದ್ರೆ ಇನ್ನೊಂದು ಕಡೆ ಬಿಡುತ್ತೆ. ಹೊಸ ರೇಡಿಯೇಟರ್ ತರಿಸಿ ಇಡೋಣ. ಬದಲಾಯಿಸಿ ಕೊಡೋಣ" ಎಂದೆ.

"ನನ್ನ ಅಂಗಡೀಲಿ? ರಟ್ಟಿನ ಡಬ್ಬ ಬಿಚ್ಚಿ, ನಟ್ಟು ತಿರುಗಿಸಿ ಕಳಿಸೋದಾ? ಅದಕ್ಕೆ ಮೇಸ್ತ್ರಿ ಯಾಕೆ ಬೇಕು?"

"ನೀವು ಬೇಡ ಅಂತ ಯಾರು ಹೇಳಿದ್ರು?"

"ನೀನೇ ಈಗ ಹೇಳ್ದೆ" ಎಂದು ಕಿಟಕಿಯ ಕಡೆ ತಿರುಗಿದರು. ಹೊಸ ರೇಡಿಯೇಟರ್ ಎಂದರೆ ಅವರಿಗೆ ಅಂಗಡಿಯೊಳಗೆ ಬಂದು ತಮ್ಮ ಕುರ್ಚಿಯಲ್ಲಿ ಕೂರುವ ಇನ್ನೊಬ್ಬ ಮನುಷ್ಯನ ಹಾಗೆ ಕಾಣುತ್ತಿತ್ತು. ಆದರೆ ಅದಿಲ್ಲದೆ ಅಂಗಡಿಯೇ ಉಳಿಯುವುದಿಲ್ಲವೆಂದು ನನಗೆ ಗೊತ್ತಿತ್ತು. ವಾರಗಟ್ಟಲೆ ಅಡುಗೆಮನೆಯಿಂದ ಬಸ್ ಸ್ಟ್ಯಾಂಡಿನವರೆಗೂ ಈ ವಾದ ನಡೆಯಿತು. ಇಬ್ಬರೂ ಸೋಲಲಿಲ್ಲ.

ಅದೇ ಹೊತ್ತಿಗೆ ಭದ್ರಾವತಿಯ ನಮ್ಮ ಬೀದಿಯ ಟ್ಯಾಕ್ಸಿ ಡ್ರೈವರ್ ಒಂದು ಬೆಳಿಗ್ಗೆ ತನ್ನ ಡೀಸೆಲ್ ಕಾರನ್ನು ಅಂಗಡಿಗೆ ಎಳೆಸಿಕೊಂಡು ಬಂದ. ಮನೆಯಲ್ಲಿ ತಮಿಳು ಮಾತಾಡುವವರು. ಮಾವನ ಕಣ್ಣೆದುರೇ ಬೆಳೆದವನು. ಪ್ಲಾಸ್ಟಿಕ್ ತೊಟ್ಟಿ ಉದ್ದಕ್ಕೆ ಸೀಳಿತ್ತು. ಮಾರನೆಯ ಬೆಳಿಗ್ಗೆಯೇ ಅವನ ತಾಯಿಯನ್ನು ಹೊಟ್ಟೆಯ ಆಪರೇಷನ್‌ಗೆ ಮಣಿಪಾಲಕ್ಕೆ ಕರೆದೊಯ್ದು ಸೇರಿಸಬೇಕಿತ್ತು. ಆಗುಂಬೆ ಘಾಟಿಯ ದಾರಿ. ಮದುವೆಯ ಕಾಲವಾದ್ದರಿಂದ ಬೇರೆ ಯಾವ ಟ್ಯಾಕ್ಸಿಯೂ ಸಿಕ್ಕಿರಲಿಲ್ಲ. ಹೊಸ ರೇಡಿಯೇಟರ್ ಶಿವಮೊಗ್ಗದಲ್ಲೆಲ್ಲೂ ಇರಲಿಲ್ಲ. ಬೆಂಗಳೂರಿಂದ ಬರಬೇಕೆಂದರೆ ನಾಡಿದ್ದಿನ ಮಾತು.

"ಮೇಸ್ತ್ರಿ, ನೀವು ಕೈ ಇಟ್ರೆ ಸಾಕು. ನಮ್ಮಮ್ಮ ನಿನ್ನೆಯಿಂದ ನೋವಲ್ಲಿ ನರಳ್ತಾ ಇದೆ" ಎಂದು ಅವನು ಅತ್ತೇಬಿಟ್ಟ.

ಮಾವ ಅಂಗಿಯ ತೋಳು ಮಡಚಿದರು. ಅಷ್ಟು ಶ್ರದ್ಧೆಯಿಂದ ಅವರು ಕೆಲಸ ಮಾಡಿದ್ದನ್ನು ನಾನು ಹಿಂದೆ ನೋಡಿರಲಿಲ್ಲ. ತಂತಿಯ ಒಂದೊಂದು ತುಂಡನ್ನೂ ಕಾಯಿಸಿ ಕೂರಿಸಿ, ಉಗುರಿನಿಂದ ಸವರಿ, ಮತ್ತೆ ಕೂರಿಸಿದರು. ನೀರಿನ ತೊಟ್ಟಿಯಲ್ಲಿ ಮುಳುಗಿಸಿ ಗಾಳಿ ತುಂಬಿದರೆ ಒಂದು ಗುಳ್ಳೆಯೂ ಏಳಲಿಲ್ಲ. ಮಧ್ಯಾಹ್ನ ಊಟವಾದ ಮೇಲೆ ಕಾರಿಗೆ ಕಟ್ಟಿ, ನಾನು ಸ್ಟೀರಿಂಗ್ ಹಿಡಿದು, ಮಾವ ಪಕ್ಕದಲ್ಲಿ, ಡ್ರೈವರ್ ಹಿಂದಿನ ಸೀಟಿನಲ್ಲಿ ಕೂತು ಆಯನೂರಿಗೆ ಹೊರಟೆವು. ಬಿಸಿಯ ಮುಳ್ಳು ಅರ್ಧದಿಂದ ಮೇಲೆ ಏಳಲಿಲ್ಲ. ಡ್ರೈವರ್ ಹಿಂದಿನಿಂದ ಕತ್ತು ಚಾಚಿ ಅದನ್ನೇ ನೋಡುತ್ತಿದ್ದ.

ಹೋಟೆಲಿನ ಮುಂದೆ ನಿಲ್ಲಿಸಿದೆ. ಪೇಪರು ಹಾಸಿದ್ದಾಯಿತು. ಟೀ ಕುಡಿದದ್ದಾಯಿತು. ಮಾವ ಹಾಳೆ ಎಳೆದರು. ಒಣಗಿತ್ತು. ಡ್ರೈವರ್ ಕೈಮುಗಿದು "ಮುರುಗಾ" ಎಂದ. ಮಾವ ಮಡಚಲಿಲ್ಲ. ಹಾಳೆಯನ್ನು ಮತ್ತೆ ಕಾರಿನ ಕೆಳಗೆ ತಳ್ಳಿ, "ಇನ್ನೊಂದು ಟೀ ಹೇಳು" ಎಂದರು. ಇಷ್ಟು ವರ್ಷಗಳಲ್ಲಿ ಅವರು ಆಯನೂರಿನಲ್ಲಿ ಎರಡನೇ ಟೀ ಕುಡಿದದ್ದಿಲ್ಲ. ಅದೂ ಮುಗಿಯಿತು. ಹಾಳೆ ಮತ್ತೆ ಒಣಗಿಯೇ ಇತ್ತು. ಮಾವ ಅದನ್ನು ಕೈಯಲ್ಲಿ ಹಿಡಿದುಕೊಂಡು ಬಹಳ ಹೊತ್ತು ನಿಂತರು. ಬಲಗಡೆಯ ಮೋಟು ಮೀಸೆಯನ್ನು ಬೆರಳಿನಿಂದ ಸವರುತ್ತಿದ್ದರು.

"ಈ ಪೇಪರ್ ನಿಂಗೆ ಕೊಡಲ್ಲ ಕಣಪ್ಪ" ಎಂದರು.

"ಅಯ್ಯೋ, ಏನ್ ಮೇಸ್ತ್ರಿ ಇದು! ಎರಡು ಟೀ ಕುಡಿದ್ರಿ, ಒಂದು ಹನಿ ಬಿದ್ದಿಲ್ಲ. ಇನ್ನೇನು ಆಗ್ಬೇಕು?"

"ಪೇಪರ್ ಇವತ್ತಿಂದು ಹೇಳುತ್ತೆ, ನಾಳೆದು ಹೇಳಲ್ಲ. ಹಿತ್ತಾಳೆ ಆಗಿದ್ರೆ ನಾಳೆದು ನಾನು ಹೇಳ್ತಿದ್ದೆ. ಅದರ ಹೊಟ್ಟೇಲಿ ಏನಿದೆ ಅಂತ ನಂಗೆ ಗೊತ್ತು. ಇದ್ರದ್ದು ಗೊತ್ತಿಲ್ಲ."

"ನಿಮ್ಮ ಹೊಲಿಗೆ ಗಟ್ಟಿ ಇರುತ್ತೆ, ನಂಗೆ ನಂಬಿಕೆ ಇದೆ."

"ಗಟ್ಟಿ ಇರಬಹುದು. ಈ 'ಇರಬಹುದು' ಅನ್ನೋದನ್ನ ಒಂದ್ಸಲ ಒಬ್ಬರಿಗೆ ಕೊಟ್ಟಿದೀನಿ. ಇನ್ನೊಂದ್ಸಲ ಕೊಡಲ್ಲ. ಅದೂ ನಿಮ್ಮಮ್ಮನ್ನ ಕೂರಿಸ್ಕೊಂಡು ಘಾಟಿ ಇಳಿಯೋ ಗಾಡಿಗೆ ಕೊಡಲ್ಲ."

ಡ್ರೈವರ್‌ಗೆ ಸಿಟ್ಟು ನೆತ್ತಿಗೇರಿತು. "ಹಂಗಾದ್ರೆ ನಮ್ಮಮ್ಮನ್ನ ಹೊತ್ಕೊಂಡು ಹೋಗ್ಲಾ?" ಎಂದು ಕೂಗಿದ. ಹೋಟೆಲಿನವರೆಲ್ಲ ತಿರುಗಿ ನೋಡಿದರು. ಮಾವ, "ಕೂಗ್ಬೇಡ, ಹತ್ತು. ನಾನು ಇನ್ನೂ ಸತ್ತಿಲ್ಲ" ಎಂದು ಕಾರು ಹತ್ತಿಸಿದರು.

ಅಂಗಡಿಯ ಮುಂದೆ ಅಡಿಕೆ ಮಂಡಿಯ ಸಾಹುಕಾರರೊಬ್ಬರ ಹಿತ್ತಾಳೆ ರೇಡಿಯೇಟರಿನ ಅಂಬಾಸಿಡರ್ ರಿಪೇರಿಯಾಗಿ, ಆಯನೂರಿಗೂ ಹೋಗಿ ಬಂದು, ಯಜಮಾನರಿಗಾಗಿ ಕಾಯುತ್ತ ನಿಂತಿತ್ತು. ಮಾವ ನೇರ ಫೋನಿನ ಹತ್ತಿರ ಹೋದರು. "ಸಾಹುಕಾರ್ರೇ, ನಿಮ್ಮ ಗಾಡಿ ನಾಳೆ ಮಣಿಪಾಲಕ್ಕೆ ಹೋಗುತ್ತೆ. ಒಬ್ಬ ತಾಯಿಗೆ ಆಪರೇಷನ್ನು. ನಾಡಿದ್ದು ಬಂದು ತಗೊಂಡ್ಹೋಗಿ" ಎಂದರು. ಕೇಳಲಿಲ್ಲ, ಹೇಳಿದರು! ನಾನು ಸೆರಗಿನಿಂದ ಬಾಯಿ ಮುಚ್ಚಿಕೊಂಡೆ. ಆ ಕಡೆಯಿಂದ ಸಾಹುಕಾರರು "ಡೀಸೆಲ್ ತುಂಬಿಸಿದೆಯೇನು ಮೇಸ್ತ್ರಿ?" ಎಂದು ಕೇಳಿದರಂತೆ. ಮಾವ ಅಂಬಾಸಿಡರಿನ ಒಣ ಪೇಪರನ್ನು ಡ್ರೈವರಿನ ಜೇಬಿಗೆ ತಾವೇ ಇಟ್ಟು, "ಇದು ನಾಳೆದೂ ಹೇಳುತ್ತೆ. ಹೋಗ್ಬಾ" ಎಂದರು. ಅವನು ಬಗ್ಗಿ ಅವರ ಕಾಲು ಮುಟ್ಟಿದ. ಮಾರನೆಯ ಬೆಳಿಗ್ಗೆ ಆ ತಾಯಿ ಹಿಂದಿನ ಸೀಟಿನಲ್ಲಿ ಮಲಗಿಕೊಂಡೇ ಘಾಟಿ ಇಳಿದರು. ಆಪರೇಷನ್ ಆಗಿ ವಾಸಿಯಾಗಿ ಬಂದು, ಇವತ್ತಿಗೂ ನಮ್ಮ ಬೀದಿಯಲ್ಲಿ ಎಲ್ಲರಿಗೂ ಬುದ್ಧಿ ಹೇಳಿಕೊಂಡು ಓಡಾಡುತ್ತಿದ್ದಾರೆ.

ಹೊಸ ರೇಡಿಯೇಟರ್ ಬರುವ ತನಕ ಮಾವ ನನ್ನಿಂದ ಆ ಟ್ಯಾಕ್ಸಿಯನ್ನು ಆಯನೂರಿಗೆ ಮತ್ತೆ ಮತ್ತೆ ಓಡಿಸಿದರು. ಪ್ರತಿ ಸಲವೂ ಹಾಳೆ ಒಣಗಿಯೇ ಇತ್ತು. "ನೋಡಿ ಮಾವ, ನಿಮ್ಮ ಹೊಲಿಗೆಗೆ ಏನೂ ಆಗಿಲ್ಲ. ಕೊಟ್ಟಿದ್ರೂ ನಡೀತಿತ್ತು" ಎಂದು ಸಮಾಧಾನಕ್ಕೆ ಹೇಳಿದೆ.

"ನನ್ನ ಕೈಗೆ ಬರುತ್ತೆ ಅಂತ ನಂಗೆ ಗೊತ್ತು ಮಾರಾಯ್ತಿ. ಕೈಗೆ ಬರುತ್ತೆ ಅಂತ ಎಲ್ಲಾನೂ ಮಾಡ್ಬಾರ್ದು" ಎಂದರು. ಅವರ ದನಿಯಲ್ಲಿ ಸೋತವರ ಬೇಸರವೇನೂ ಇರಲಿಲ್ಲ. ಎಂದಿನ ಜಂಭವೇ ಇತ್ತು. ಪಾರ್ಸೆಲ್ ಬಂದಾಗ ರಟ್ಟಿನ ಡಬ್ಬವನ್ನು ತಾವೇ ಬಿಚ್ಚಿದರು, ನಟ್ಟು ತಾವೇ ತಿರುಗಿಸಿದರು. ಹೊಲಿದ ರೇಡಿಯೇಟರನ್ನು ಅಂಗಡಿಯ ಗೋಡೆಗೆ ನೇತುಹಾಕಿದರು. ಆಮೇಲೆ ಕೈ ಒರೆಸಿಕೊಂಡು, ಬೆಸುಗೆಯ ಸಾಮಾನಿನ ಎದುರಿನ ಗೋಡೆಯನ್ನು ತೋರಿಸಿ, "ಇಲ್ಲಿ ನಿನ್ನ ಡಬ್ಬಗಳಿಗೆ ಹಲಗೆ ಹೊಡೆಸು. ಹಿತ್ತಾಳೆ ಬಂದ್ರೆ ನಂಗೆ, ಪ್ಲಾಸ್ಟಿಕ್ ಬಂದ್ರೆ ನಿಂಗೆ" ಎಂದರು. ನನಗೆ ಗೆದ್ದ ಖುಷಿಯಾಗಬೇಕಿತ್ತು. ಆಗಲಿಲ್ಲ. ಗೋಡೆಯ ಕಡೆ ತಿರುಗಿ ಹಲಗೆಗೆ ಗೇಣಿನಲ್ಲಿ ಅಳತೆ ಹಾಕತೊಡಗಿದೆ.

ಬರಬರುತ್ತಾ ನನ್ನ ಗೋಡೆಯ ಡಬ್ಬಗಳು ಹೆಚ್ಚಾದವು, ಅವರ ಮೂಲೆಗೆ ಬರುವ ಕೆಲಸ ಕಡಿಮೆಯಾಯಿತು. ಬ್ಲೋ ಲ್ಯಾಂಪ್ ಹಚ್ಚದ ದಿನಗಳು, ಆಮೇಲೆ ತಿಂಗಳುಗಳೂ ಬಂದವು. ಮಾವ ಮಾತ್ರ ಗಿರಾಕಿಗಳ ಮುಂದೆ ಅದೇ ದೊಡ್ಡ ಗಂಟಲಲ್ಲಿ, "ಪ್ಲಾಸ್ಟಿಕ್ ತಾನೆ? ಬದಲಾಯಿಸು. ಹೊಲಿಯೋಕೆ ಬರದೆ ಹೇಳ್ತಿಲ್ಲ, ಅಲ್ಲಿ ನೋಡು" ಎಂದು ಗೋಡೆಯ ಕಡೆ ಬೆರಳು ತೋರಿಸುವರು. ಹೊಸ ರೇಡಿಯೇಟರ್ ಹಾಕಿದ ಕಾರನ್ನೂ ಆಯನೂರಿಗೆ ಒಯ್ಯಲೇಬೇಕು ಎಂದು ಹಟ ಹಿಡಿದರು. "ಕಂಪ್ನಿಯವರು ಸೀಲ್ ಹೊಡೆದಿರ್ತಾರಲ್ಲ ಮಾವ" ಎಂದರೆ, "ಕಂಪ್ನಿ ಆಯನೂರಿಗೆ ಬಂದಿದ್ಯಾ?" ಎನ್ನುವರು. ಈಗಲೂ ನಮ್ಮ ಅಂಗಡಿಯಿಂದ ಯಾವ ಕಾರೂ ಒಣ ಪೇಪರಿಲ್ಲದೆ ಹೋಗುವುದಿಲ್ಲ. ನಾನು ಸ್ಟೀರಿಂಗ್ ಹಿಡಿದಿದ್ದು, ಗಲ್ಲಾದಲ್ಲಿ ಕೂತದ್ದು, ಗಿರಾಕಿಯ ಕಣ್ಣಿಗೆ ಕಣ್ಣಿಟ್ಟು ಆಗಲ್ಲ ಎನ್ನಲು ಕಲಿತದ್ದು, ಎಲ್ಲವೂ ಅವರು ಕೊಟ್ಟದ್ದು. ಇದನ್ನು ಅವರೆದುರು ಹೇಳಿದ್ದರೆ "ಹೌದು ಮತ್ತೆ" ಎಂದು ಒಪ್ಪಿಕೊಂಡೇ ಬಿಡುತ್ತಿದ್ದರು.

ಒಂದು ಬೇಸಿಗೆಯಲ್ಲಿ, ಪೂಜೆಗೆ ಕೂತವರು ಹಾಗೇ ಗೋಡೆಗೆ ಒರಗಿಕೊಂಡರು, ಮತ್ತೆ ಏಳಲಿಲ್ಲ. ಕಾಯಿಲೆ ಕಸಾಲೆ ಏನೂ ಇರಲಿಲ್ಲ.

ಸುದ್ದಿ ತಿಳಿದು ಸವಳಂಗ ರಸ್ತೆಯ ಮೆಕ್ಯಾನಿಕ್‌ಗಳೆಲ್ಲ ಭದ್ರಾವತಿಗೆ ಬಂದರು. ಸಾಹುಕಾರರು ಅದೇ ಅಂಬಾಸಿಡರಿನಲ್ಲಿ ಬಂದರು. ಟ್ಯಾಕ್ಸಿ ಡ್ರೈವರ್ ತನ್ನ ತಾಯಿಯ ಕೈಹಿಡಿದುಕೊಂಡು ಬಂದ. ಮಾವನಿಗೆ ಸ್ನಾನ ಮಾಡಿಸಿ, ವಿಭೂತಿ ಹಚ್ಚಿ, ನಮ್ಮವರ ಪದ್ಧತಿಯ ಹಾಗೆ ಗೋಡೆಗೆ ಒರಗಿಸಿ ಕೂರಿಸಿದ್ದರು. ಬಂದವರು, "ಎಷ್ಟು ಲಕ್ಷಣವಾಗಿ ಕಾಣ್ತಾರೆ ನೋಡಿ" ಎನ್ನುತ್ತಿದ್ದರು. ನಾನು ಆಗ ನೋಡಿದೆ. ಬೆಂಕಿ ತಾಕದೆ ಎಷ್ಟೋ ತಿಂಗಳಾಗಿತ್ತು. ಬಲಗಡೆಯ ಮೀಸೆಯೂ ಎಡಗಡೆಯಷ್ಟೇ ಉದ್ದ ಬೆಳೆದು, ಎರಡೂ ಒಂದೇ ಸಮ ನಿಂತಿದ್ದವು. ದಿನಾ ಪಕ್ಕದಲ್ಲಿ ಕೂತು ಬಸ್ಸಿನಲ್ಲಿ ಓಡಾಡಿದವಳಿಗೆ ಅದು ಅಲ್ಲಿಯವರೆಗೆ ಕಂಡಿರಲೇ ಇಲ್ಲ. ಹೊರಟು ನಿಂತಿದ್ದವರು ನಮ್ಮ ಮಾವನೇ ಅಲ್ಲ, ಯಾರೋ ಬೇರೆಯವರು ಎನ್ನಿಸಿಬಿಟ್ಟಿತು.

ಒಳಗೆ ಹೋಗಿ ಕತ್ತರಿ ತಂದೆ. ಅಷ್ಟು ಜನರ ಮುಂದೆ ಅವರ ಪಕ್ಕದಲ್ಲಿ ಮಂಡಿಯೂರಿ, ಬಲಗಡೆಯ ತುದಿ ಹಿಡಿದು ಕತ್ತರಿಸಿದೆ. "ಏಯ್, ಏನ್ ಮಾಡ್ತಿದೀಯಾ? ಹುಚ್ಚು ಹಿಡೀತಾ?" ಎಂದು ಬಳಗದವರು ಯಾರೋ ನನ್ನ ತೋಳು ಹಿಡಿದು ಎಳೆದರು.

"ಬಿಡಿ ಅವಳನ್ನ" ಎಂದರು ಅತ್ತೆ. ಹತ್ತಿರ ಸರಿದು ಕೂತು, ಗಂಡನ ಮುಖವನ್ನು ಎಡದಿಂದ ಬಲಕ್ಕೆ ಒಮ್ಮೆ ನೋಡಿದರು. ಸೆರಗಿನಿಂದ ಕಣ್ಣು ಒರೆಸಿಕೊಂಡು ನನಗೆ ಹೇಳಿದರು:

"ಇನ್ನೊಂಚೂರು ಕತ್ತರಿಸಮ್ಮ. ಅವ್ರದು ಇಷ್ಟುದ್ದ ಇರ್ಲಿಲ್ಲ."